ಇಬ್ಬರೂ ಹೇಳದ ಹೆಸರು

ಎಂಬತ್ತರ ದಶಕದ ನಡುವೆ ರಾಯಚೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಾಗ ನಮಗೆ ಮಹಿಳಾ ಅಧ್ಯಯನ ಎಂಬ ಹೊಸ ಐಚ್ಛಿಕ ಪತ್ರಿಕೆ ಬಂತು. ತರಗತಿಯ ಹುಡುಗರು ಅದನ್ನು ಅಡುಗೆಮನೆ ಪೇಪರ್ ಎಂದು ಕರೆದು ನಗುತ್ತಿದ್ದರು. ನಾನು ಅದನ್ನು ಆರಿಸಿಕೊಂಡದ್ದು ಅರ್ಧ ಅವರ ಮೇಲಿನ ಸಿಟ್ಟಿಗೆ.

ನನ್ನ ತವರು ದೇವದುರ್ಗ, ಗಂಡನ ಮನೆ ಮಾನ್ವಿ. ಕೂಲಿ ಮಾಡಿ ನನ್ನನ್ನು ಓದಿಸಿದ್ದ ಅಪ್ಪ, ಓದು ಬಿಡಿಸಬಾರದು ಎಂದು ಮಾತು ತೆಗೆದುಕೊಂಡೇ ಮದುವೆ ಮಾಡಿದ್ದ. ನಮ್ಮವರು ಜಾಲಹಳ್ಳಿಯಲ್ಲಿ ಶಾಲೆ ಮಾಸ್ತರು. ಶನಿವಾರ ಮಾನ್ವಿಗೆ ಬರುವರು, ಸೋಮವಾರ ಹೋಗುವರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾನು ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರಾಯಚೂರು ಬಸ್ಸು ಹಿಡಿಯುತ್ತಿದ್ದೆ.

ಮೊದಲ ದಿನ ಮೇಡಂ ಎಲ್ಲರ ಪರಿಚಯ ಕೇಳಿದರು. ಮದುವೆಯಾದವರು ಗಂಡನ ಹೆಸರನ್ನೂ ಹೇಳಿ ಎಂದರು. ನಾನು ಎದ್ದು ನಿಂತೆ, ನಾಲಿಗೆ ಏಳಲಿಲ್ಲ. ಹೆಂಡತಿ ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿಕೊಂಡೇ ಬೆಳೆದವಳು ನಾನು. ಹುಡುಗರು ನಕ್ಕರು, ನಾಚಿಕೆ ಮುಚ್ಚಿಕೊಳ್ಳಲು ನಾನೂ ನಕ್ಕೆ. ಮೇಡಂ ಮಾತ್ರ ನಗಲಿಲ್ಲ. ನಿನ್ನ ಕಿರುಪ್ರಬಂಧಕ್ಕೆ ಇದೇ ವಿಷಯ, ನಿಮ್ಮ ಮನೆಯಿಂದಲೇ ಶುರು ಮಾಡು ಎಂದರು.

ನಮ್ಮ ಮನೆಯಲ್ಲಿ ವಿಷಯಕ್ಕೆ ಬರ ಇರಲಿಲ್ಲ. ಅತ್ತೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹತ್ತಿ ಬಿಡಿಸಲು ಹೋಗಿ ಒಬ್ಬನೇ ಮಗನನ್ನು ಸಾಕಿದವರು. ಸತ್ತ ಗಂಡನ ಹೆಸರನ್ನು ಇನ್ನೂ ಬಾಯಿಗೆ ತರುತ್ತಿರಲಿಲ್ಲ. ಮಗನಿಗೆ ಇಟ್ಟಿದ್ದು ಅವನ ಅಜ್ಜನ ಹೆಸರು, ಅಂದರೆ ಅತ್ತೆಯ ಮಾವನ ಹೆಸರು. ಸೊಸೆ ಮಾವನ ಹೆಸರನ್ನೂ ಹೇಳಬಾರದಲ್ಲ. ಹಾಗಾಗಿ ತೊಟ್ಟಿಲಲ್ಲಿದ್ದಾಗಿನಿಂದ ಹೆತ್ತ ಮಗನನ್ನು ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಇಬ್ಬರು ಹೆಂಗಸರು, ಒಬ್ಬ ಗಂಡಸು. ಆ ಗಂಡಸಿನ ಹೆಸರನ್ನು ಇಬ್ಬರೂ ಹೇಳುವಂತಿಲ್ಲ.

ಇದನ್ನೆಲ್ಲ ಬರೆದುಕೊಂಡು ನಾನು ಖುಷಿಪಟ್ಟೆ. ಹೆಂಗಸಿನ ಬಾಯಿಗೆ ಹೆಂಗಸನ್ನೇ ಕಾವಲಿಟ್ಟಿದ್ದಾರೆ ಎಂದು ಒಂದು ಸಾಲು ಬರೆದಿದ್ದೆ. ಮೇಡಂ ಅದರ ಕೆಳಗೆ ಗೆರೆ ಎಳೆದು ಮೆಚ್ಚಿದರು. ನಮ್ಮವರಿಗೆ ತೋರಿಸಿದೆ. ಹಾಗಾದರೆ ಈಗ ಹೇಳು, ನಾನು ಸಾಯುತ್ತೇನೋ ನೋಡೋಣ ಎಂದು ಎದುರಿಗೇ ಕೂತರು. ಬಾಯಿ ತೆರೆದೆ, ಆಗಲಿಲ್ಲ.

"ಹಿಂಗಾದ್ರ ನೀ ಪಾಸಾಗೂದು ಕಷ್ಟ ಅದ ನೋಡು" ಎಂದು ನಕ್ಕರು. ಆಮೇಲೆ ಪ್ರತಿ ಶನಿವಾರವೂ ಅದೇ ತಮಾಷೆ.

ಒಂದು ಶನಿವಾರ ಜಾಲಹಳ್ಳಿಯಿಂದ ಅವರು ಬರುತ್ತಿದ್ದ ಜೀಪು ದೇವದುರ್ಗದ ಹತ್ತಿರ ಪಲ್ಟಿಯಾಯಿತು. ಅವರನ್ನು ರಾಯಚೂರಿನ ಆಸ್ಪತ್ರೆಗೆ ಸಾಗಿಸಿದ್ದಾರೆಂದು ಸುದ್ದಿ ಬಂದು ನಾನೂ ಅತ್ತೆಯೂ ಉಟ್ಟ ಬಟ್ಟೆಯಲ್ಲೇ ಓಡಿದೆವು. ಅವರಿಗೆ ಪ್ರಜ್ಞೆ ಇರಲಿಲ್ಲ. ಚೀಟಿ ಬರೆಯುವವನು ಹೆಸರು ಕೇಳಿದ. ಅತ್ತೆ, ನನ್ನ ಮಗ ಎಂದರು. ಅವನು ಮತ್ತೆ ಕೇಳಿದ. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಹೆಸರಿಲ್ದ ಮನುಷ್ಯಾ ಏನವ್ವಾ?" ಎಂದ ಅವನು, ಸಿಟ್ಟಿಲ್ಲದೆ.

ನಾನು ಹೇಳಿದೆ. ಕೇಳಿಸದಿದ್ದರೆ ಮತ್ತೆ ಹೇಳಬೇಕಾದೀತು ಎಂಬ ಭಯಕ್ಕೆ ಗಟ್ಟಿಯಾಗಿಯೇ ಹೇಳಿದೆ. ಮನಸ್ಸಿನಲ್ಲಿ ಎಷ್ಟೋ ಸಲ ಅಂದುಕೊಂಡಿದ್ದ ಹೆಸರು, ಬಾಯಿಂದ ಬಂದಾಗ ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಅತ್ತೆ ಮೇಜಿನ ಅಂಚು ಹಿಡಿದುಕೊಂಡರು.

ನಮ್ಮವರು ಕಣ್ಣು ತೆರೆಯಲಿಲ್ಲ. ಮರುದಿನ ಹೋದರು.

ಮಾತಾಡಿಸಲು ಬಂದ ಹೆಂಗಸರಿಗೆ ಆಸ್ಪತ್ರೆಯ ಸಂಗತಿ ಹೇಗೆ ತಿಳಿಯಿತೋ. ಓದಿದವಳು, ಗಂಡನ ಹೆಸರು ಹಿಡಿದು ಕೂಗಿದಳಂತೆ ಎಂದು ನನಗೆ ಕೇಳುವ ಹಾಗೆಯೇ ಪಿಸುಗುಟ್ಟಿದರು. ಓದಿದ್ದು ಸಾಕು, ಇವಳನ್ನು ದೇವದುರ್ಗಕ್ಕೆ ಕಳಿಸಿಬಿಡಿ ಎಂದು ಹಿರಿಯರು ತೀರ್ಮಾನ ಮಾಡಿದರು. ಅತ್ತೆ ಒಂದು ಮಾತೂ ಆಡಲಿಲ್ಲ. ಅವರೆಲ್ಲರ ಮಾತಿಗಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಆ ಮೌನವೇ. ಏಕೆಂದರೆ, ಬರೆಯಲು ಈಗಲೂ ಸಂಕಟವಾಗುತ್ತದೆ, ಒಳಗೊಳಗೆ ನಾನೂ ಆ ಹೆಂಗಸರ ಮಾತನ್ನು ನಂಬಿದ್ದೆ. ಅಷ್ಟೆಲ್ಲ ಓದಿದ್ದು ಯಾವ ಕೆಲಸಕ್ಕೂ ಬರಲಿಲ್ಲ. ನಾನೇ ಅವರನ್ನು ಕೊಂದೆ ಅನಿಸುತ್ತಿತ್ತು.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ಅಪ್ಪ ಕರೆದೊಯ್ಯಲು ಬಂದ. ಅಂಗಳದಲ್ಲಿ ಹಿರಿಯರು ಕೂತಿದ್ದರು, ನನ್ನ ಚೀಲ ಅಪ್ಪನ ಕೈಯಲ್ಲಿತ್ತು. ಗಂಡಸರ ಮುಂದೆ ಎಂದೂ ಬಾಯಿ ಬಿಡದ ಅತ್ತೆ ಹೊರಗೆ ಬಂದು ನಿಂತರು.

"ನಾ ನನ್ನ ಗಂಡನ ಹೆಸರು ಒಂದಿನಾನೂ ಬಾಯಾಗ ತಂದಿಲ್ಲ. ಮಗನ ಹೆಸರೂ ತಂದಿಲ್ಲ. ನನಗ ಯಾರು ಉಳದ್ರು, ಹೇಳ್ರಿ?"

ಅತ್ತೆ ಅಪ್ಪನ ಕೈಯಿಂದ ಚೀಲ ತೆಗೆದುಕೊಂಡು, ಪರೀಕ್ಷೆ ಯಾವಾಗ ಎಂದು ನನ್ನನ್ನು ಕೇಳುತ್ತಾ ಒಳಗೆ ಹೋದರು. ನಾನೂ ಅವರ ಹಿಂದೆ ಹೋದೆ.

ಪರೀಕ್ಷೆ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಈ ಅಧ್ಯಯನದಿಂದ ನಿಮ್ಮ ನಂಬಿಕೆ ಹೋಯಿತೇ ಎಂದು ಕೇಳಿದರು. ಹೋಯಿತು ಸರ್ ಎಂದೆ. ಒಳ್ಳೆಯ ಅಂಕಗಳು ಬಂದವು.

ಆಮೇಲೆ ನಾನೂ ಅತ್ತೆಯೂ ಒಟ್ಟಿಗೇ ಬಾಳಿದೆವು. ಒಮ್ಮೆ ಜೋಳ ಹಸನು ಮಾಡುತ್ತಾ ಕೂತಿದ್ದಾಗ ಕೇಳಿದೆ: ಇನ್ನು ಯಾರಿಗೆ ಏನಾಗಬೇಕಿದೆ, ಮಗನನ್ನು ಒಂದು ಸಲವಾದರೂ ಹೆಸರು ಹಿಡಿದು ಕರೆಯಬಾರದೇ? ಅತ್ತೆಯ ತುಟಿ ಅಲುಗಿತು. ಕಾಯುತ್ತಾ ಕೂತೆ.

"ಬರಂಗಿಲ್ಲವ್ವಾ" ಎಂದು ಮೊರ ಎತ್ತಿಕೊಂಡು ಕೇರತೊಡಗಿದರು.

ಮುಂದೆ ಅದೇ ಪತ್ರಿಕೆಯನ್ನು ನಾನೇ ಪಾಠ ಮಾಡಿದೆ. ನನ್ನ ವಿದ್ಯಾರ್ಥಿನಿಯರು ಗಂಡನ ಹೆಸರನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾರೆ. ಕೇಳಿದರೆ ಸಂತೋಷವಾಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಆಸ್ಪತ್ರೆಯ ಆ ಮೇಜಿನ ಮುಂದೆ ಹೇಳಿದ ಮೇಲೆ ನಾನು ಆ ಹೆಸರನ್ನು ಮತ್ತೆ ಹೇಳಿಲ್ಲ. ಇಲ್ಲಿಯಾದರೂ ಬರೆಯಬೇಕೆಂದು ಇದನ್ನು ಶುರು ಮಾಡಿದ್ದೆ. ಮೊದಲ ಸಾಲಿನಲ್ಲೇ ಬರೆದೆ, ಆಮೇಲೆ ಹೊಡೆದು ಹಾಕಿದೆ.