ನುಂಗಲು ಕಲಿಸಿದ ಟೀಚರ್

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನು ಥಾರ್ನ್‌ಹಿಲ್‌ನ ನಮ್ಮ ಮನೆಯ ಅಡುಗೆಮನೆಯಲ್ಲಿ, ಸಿಂಕಿಗೆ ಬೆನ್ನು ಕೊಟ್ಟು ನಿಂತಿದ್ದೆ. ಕೈಯಳತೆಯ ದೂರದಲ್ಲಿ ನನ್ನ ಹೆಂಡತಿ ಸರೋಜಾ ಕುರ್ಚಿಯಲ್ಲಿ ಕೂತಿದ್ದಳು. ಅವಳೆದುರು ಟೀಚರ್. ಟೀಚರ್ ಬಲಗೈಯ ಬೆರಳುಗಳನ್ನು ಅವಳ ಗಂಟಲ ಮೇಲಿಟ್ಟಿದ್ದರು, ಸಪೋಟ ಹಣ್ಣಾಗಿದೆಯೇ ಎಂದು ಮುಟ್ಟಿ ನೋಡುವಷ್ಟು ಹಗುರವಾಗಿ. ಉಗುರುಗಳನ್ನು ಅವರು ಚರ್ಮಕ್ಕೆ ಸಮನಾಗಿ ಕತ್ತರಿಸಿಕೊಳ್ಳುತ್ತಿದ್ದರು. ಬಳೆ ಹಾಕುತ್ತಿರಲಿಲ್ಲ. ಬಳೆ ಸದ್ದು ಮಾಡಿದರೆ ಗಂಟಲಿನ ಸದ್ದು ಕೇಳುವುದಿಲ್ಲ ಎನ್ನುತ್ತಿದ್ದರು.

ಸ್ಟ್ರೋಕ್ ಆದ ಮೇಲೆ ಸರೋಜಾಳ ಮಾತು ಮರಳಿತ್ತು, ನಡಿಗೆ ಸುಮಾರಾಗಿ ಮರಳಿತ್ತು. ನುಂಗುವುದು ಮಾತ್ರ ಮರಳಿರಲಿಲ್ಲ. ಹೊಟ್ಟೆಗೆ ಹಾಕಿದ ಟ್ಯೂಬಿನಿಂದಲೇ ಊಟ. ಆಸ್ಪತ್ರೆಯಲ್ಲಿದ್ದಾಗ ಅವಳ ಅಕ್ಕ ಶಾರದಕ್ಕ ಬರ್ಲಿಂಗ್ಟನ್‌ನಿಂದ ಫ್ಲಾಸ್ಕಿನಲ್ಲಿ ತಿಳಿಸಾರು ತಂದಿದ್ದರು. ನಮ್ಮ ಮೈಸೂರು ಕಡೆ ಕಾಯಿಲೆಯವರಿಗೆ ಮೊದಲು ಕೊಡುವುದೇ ತಿಳಿಸಾರು. ನೀರಾದಷ್ಟೂ ಸುಲಭವಾಗಿ ಇಳಿಯುತ್ತದೆ ಎಂದು ನಾವೆಲ್ಲ ನಂಬಿದವರು. ಆದರೆ ಸೋತ ಗಂಟಲಿಗೆ ನೀರಿನಂಥದ್ದೇ ಎಲ್ಲಕ್ಕಿಂತ ಕಷ್ಟ. ಎರಡು ಚಮಚ ಸಾರು ಶ್ವಾಸಕೋಶಕ್ಕೆ ಹೋಯಿತು. ನ್ಯುಮೋನಿಯಾ ಆಗಿ ಸರೋಜಾ ಸಾವಿನ ಬಾಗಿಲು ನೋಡಿ ಬಂದಳು.

ಮುಂದೆ ಎಕ್ಸ್‌ರೇ ಪರೀಕ್ಷೆ ಮಾಡಿ, ಗಟ್ಟಿಯಾದದ್ದನ್ನು ಚಮಚದಲ್ಲಿ ಕೊಡಬಹುದು ಎಂದು ಆಸ್ಪತ್ರೆಯವರೇ ಹೇಳಿದರು. ಅವಳು ಒಪ್ಪಲಿಲ್ಲ. ಬಾಯಿಗಿಟ್ಟದ್ದನ್ನು ಹಾಗೇ ಹಿಡಿದುಕೊಂಡಿದ್ದು ಉಗಿಯುತ್ತಿದ್ದಳು. ನುಂಗದಿದ್ದರೆ ಉಳಿದ ಆಯುಷ್ಯಕ್ಕೆಲ್ಲ ಟ್ಯೂಬೇ ಗತಿ. ಆಗ ನಾನು ಟೀಚರ್‌ಗೆ ಫೋನು ಮಾಡಿದೆ.

ಅವರು ಶಾಲೆಯ ಟೀಚರ್ ಅಲ್ಲ. ಸುರತ್ಕಲ್ ಕಡೆಯ ತುಳು ಮನೆಮಾತಿನವರು, ನಮ್ಮ ಕಡೆಯಿಂದ ಈ ಪರದೇಶಕ್ಕೆ ಮೊದಮೊದಲು ಬಂದವರಲ್ಲಿ ಒಬ್ಬರು. ಸ್ಟ್ರೋಕ್ ಆದವರಿಗೆ, ಗಂಟಲ ಆಪರೇಷನ್ ಆದವರಿಗೆ ಮತ್ತೆ ನುಂಗುವುದನ್ನು ಕಲಿಸುವುದು ಅವರ ವೃತ್ತಿ. ನಿವೃತ್ತರಾಗಿ ವಿಟ್ಬಿಯಲ್ಲಿದ್ದರು. ಕನ್ನಡದವರ ಊಟಗಳಲ್ಲಿ ಕೆಲವರು ತುತ್ತು ಬಾಯಿಗಿಟ್ಟ ಕೂಡಲೇ ಗದ್ದವನ್ನು ಎದೆಗೆ ತಗ್ಗಿಸುವುದನ್ನು ನೋಡಿ, ದೇವರನ್ನು ನೆನೆಯುತ್ತಾರೇನೋ ಎಂದುಕೊಂಡಿದ್ದೆ. ಅವರೆಲ್ಲ ಟೀಚರ್‌ರ ಶಿಷ್ಯರೆಂದು ತಿಳಿದದ್ದು ಆಮೇಲೆ. ಅಂಥ ಊಟಗಳಲ್ಲಿ ಯಾರಾದರೂ ಬಾಯಿ ತುಂಬ ಅನ್ನವಿಟ್ಟುಕೊಂಡು ರಾಜಕೀಯ ಮಾತಾಡಿದರೆ, "ಮೊದಲು ಅದನ್ನು ಕೆಳಗೆ ಕಳಿಸಿ ಮಾರಾಯ್ರೆ, ಸರ್ಕಾರ ಮತ್ತೆ ಬೀಳಿಸುವಾ" ಎನ್ನುತ್ತಿದ್ದರು.

ಆ ಶನಿವಾರ ಅವರು ತಮ್ಮ ಮನೆಯಿಂದ ಗಟ್ಟಿಯಾಗಿ ಕಾಯಿಸಿದ ರಾಗಿ ಸರಿ ತಂದಿದ್ದರು. ಸರೋಜಾ ಬಟ್ಟಲು ನೋಡಿ ಮುಖ ತಿರುಗಿಸಿದಳು.

"ಏನ್ ಟೀಚರ್, ಮಗೂಗೆ ತಿನ್ಸೋದನ್ನ ತಂದಿದೀರ. ಮುದ್ದೆ ನುಂಗಿ ಬೆಳೆದೋಳು ನಾನು. ನಿಮ್ಮೂರೋರ ಥರ ಅಗಿಯೋಳಲ್ಲ."

"ನಾನು ಅಗಿದದ್ದು ಒಂದೇ ಸಲ, ಅದೂ ನಿಮ್ಮ ಮನೆಯಲ್ಲಿ. ಮರುದಿನವೂ ಹಲ್ಲಲ್ಲೇ ಇತ್ತು," ಎಂದರು ಟೀಚರ್. "ಇದನ್ನು ಕಡೆಗಣಿಸಬೇಡಿ. ಮೊದಲು ಆಕಾಶಕ್ಕೆ ಹೋದ ಆ ರಷ್ಯದ ಹುಡುಗ ಉಂಟಲ್ಲ, ಅವನಿಗೆ ಕೊಟ್ಟದ್ದೂ ಹೀಗೇ ಮೆತ್ತಗಿನದ್ದು. ಟೂತ್‌ಪೇಸ್ಟಿನ ಹಾಗೆ ಟ್ಯೂಬಲ್ಲಿ ತುಂಬಿಸಿ."

ಆಮೇಲೆ ಅವರು ತಮ್ಮ ಎಲ್ಲ ಶಿಷ್ಯರಿಗೂ ಹೇಳುತ್ತಿದ್ದ ಕಥೆಯನ್ನು ಹೇಳಿದರು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಅವರಿನ್ನೂ ಪುಟ್ಟ ಹುಡುಗಿ. ಒಬ್ಬ ಮನುಷ್ಯ ಭೂಮಿಗೆ ಒಂದು ಸುತ್ತು ಬಂದ, ಅಲ್ಲಿ ತಿಂದ, ನೀರು ಕುಡಿದ ಎಂದು ಅವರ ತಂದೆ ಪೇಪರ್ ಓದಿ ಹೇಳಿದರಂತೆ. ಅಲ್ಲಿ ಮೇಲೆ ಕೆಳಗೆ ಎಂಬುದೇ ಇಲ್ಲದಿದ್ದರೆ ತಿಂದದ್ದು ಹೊಟ್ಟೆಗೆ ಹೋಗುವುದು ಹೇಗೆ ಎಂದು ಮಗಳು ಕೇಳಿದಳು. ತಂದೆಗೆ ಗೊತ್ತಿರಲಿಲ್ಲ.

"ದೊಡ್ಡ ದೊಡ್ಡ ಡಾಕ್ಟ್ರಿಗೇ ಅನುಮಾನ ಇತ್ತು. ನಾನು ಎಂತ ಮಾಡಿದೆ ಗೊತ್ತುಂಟಾ? ಗೇರುಮರಕ್ಕೆ ಕಾಲು ಸಿಕ್ಕಿಸಿ ತಲೆಕೆಳಗೆ ನೇತಾಡಿ ಬಾಳೆಹಣ್ಣು ನುಂಗಿದೆ. ಹೋಯ್ತು! ಮೇಲ್ಮುಖ ಹೋಯ್ತು! ಅಮ್ಮ ಬೆತ್ತ ತಂದ್ರು, ಅದು ಬೇರೆ. ಅನ್ನ ತಾನಾಗಿ ಬೀಳುವುದಲ್ಲ ಸರೋಜಮ್ಮ, ಗಂಟಲೇ ದೂಡುವುದು. ನಿಮ್ಮದಕ್ಕೆ ದೂಡುವ ಶಕ್ತಿ ಬಂದಿದೆ. ಎಕ್ಸ್‌ರೇಯಲ್ಲಿ ಕಂಡಿದೆ."

"ಅವನು ಹುಡುಗ. ಗಟ್ಟಿ ಗುಂಡಿಗೆ," ಎಂದಳು ಸರೋಜಾ.

"ಅವನನ್ನೂ ನಂಬಿರಲಿಲ್ಲ ಮಾರಾಯ್ರೆ. ಅಲ್ಲಿ ತಲೆ ಕೆಟ್ಟರೆ ಅಂತ ಹೆದರಿ ಗಾಡಿ ನಡೆಸುವ ಸ್ವಿಚ್ಚಿಗೆ ಬೀಗ ಹಾಕಿದ್ರು. ಬೀಗ ತೆಗೆಯುವ ನಂಬರ್ ಬೇರೆ ಮುಚ್ಚಿಟ್ಟಿದ್ರು. ಅವನ ಮೇಲೆ ಪ್ರೀತಿ ಇದ್ದವರು ಹೊರಡುವ ಮೊದಲೇ ಕಿವಿಯಲ್ಲಿ ಹೇಳಿಬಿಟ್ರು. ನಾನೂ ಮುಚ್ಚಿಡುವುದಿಲ್ಲ. ಉಸಿರು ಹಿಡಿಯಿರಿ. ಗದ್ದ ತಗ್ಗಿಸಿ. ನುಂಗಿ. ನುಂಗಿದ ಕೂಡಲೇ ಕೆಮ್ಮಿ. ಉಸಿರು ಹಿಡಿದಾಗ ಶ್ವಾಸದ ಬಾಗಿಲು ಮುಚ್ಚಿಕೊಳ್ತದೆ. ಬೀಗದ ನಂಬರ್ ಅಷ್ಟೇ."

ಫ್ರಿಜ್ಜಿಗೆ ಒರಗಿ ನಿಂತಿದ್ದ ಮಗಳು ಅನನ್ಯಾಗೆ ತಡೆಯಲಾಗಲಿಲ್ಲ. "ಅಮ್ಮಾ, ಯು ಡೋಂಟ್ ಹ್ಯಾವ್ ಟು."

"ಹೌದು ಮಗಾ, ಮಾಡಲೇಬೇಕಂತ ಇಲ್ಲ," ಎಂದರು ಟೀಚರ್, ಬೆರಳು ತೆಗೆಯದೆ. "ಅವನನ್ನೂ ಯಾರೂ ಕಟ್ಟಿಹಾಕಿ ಕಳಿಸಿದ್ದಲ್ಲ."

ಸರೋಜಾ ಬಾಯಿ ತೆರೆದಳು. ಟೀಚರ್ ಅರ್ಧ ಚಮಚ ಇಟ್ಟರು. ಅವಳು ಕಣ್ಣು ಮುಚ್ಚಿದಳು, ಉಸಿರು ಹಿಡಿದಳು. ಮತ್ತೇನೂ ಆಗಲಿಲ್ಲ. ನನ್ನ ಕೈ ಸಿಂಕಿನ ಅಂಚನ್ನು ಹಿಡಿದಿತ್ತು. ಅವಳು ಇನ್ನೇನು ಉಗಿಯುತ್ತಾಳೆ ಎಂದುಕೊಂಡೆ. ಗದ್ದ ತಗ್ಗಿತು. ಟೀಚರ್‌ರ ಬೆರಳುಗಳು ಮೇಲಕ್ಕೆದ್ದು, ಒಂದು ಕ್ಷಣ ಅಲ್ಲೇ ನಿಂತು, ಕೆಳಗಿಳಿದವು. ಬೆರಳನ್ನು ಎತ್ತಿದ್ದು ಸರೋಜಾಳ ಗಂಟಲು. ಅವಳು ಕೆಮ್ಮಿದಳು. ಒಣ ಕೆಮ್ಮು. ಟೀಚರ್ ಕಿವಿಗೊಟ್ಟು ಕೇಳಿ, "ಒಂದು ಆ ಅನ್ನಿ" ಎಂದರು. "ಆ" ಎಂದಳು. ದನಿಯಲ್ಲಿ ನೀರು ಸೇರಿದಂತಿರಲಿಲ್ಲ, ಸ್ವಚ್ಛವಾಗಿತ್ತು.

"ಹೋಯ್ತು," ಎಂದರು ಟೀಚರ್.

ಸರೋಜಾ ಕಣ್ಣು ಬಿಡದೆ, "ಉಪ್ಪಿಲ್ಲ," ಎಂದಳು.

"ಆಕಾಶಕ್ಕೆ ಹೋದ ಆ ಹುಡುಗ ಇಳಿದ ಮೇಲೆ ಊರೆಲ್ಲ ಮೆರೆಸಿದರು, ನೀವೆಂತ ಕಡಿಮೆ?" ಎನ್ನುತ್ತ ಟೀಚರ್ ಅವಳ ಕೈ ಹಿಡಿದು ಡ್ರೈವ್‌ವೇಗೆ ನಡೆಸಿಕೊಂಡು ಹೋದರು. ಪಕ್ಕದ ಮನೆಯ ಇಟಾಲಿಯನ್ ಮುದುಕ ಹುಲ್ಲು ಬಾಚುತ್ತಿದ್ದ. ಟೀಚರ್ ಅವನಿಗೆ ಕೂಗಿ ಹೇಳಿದರು: "ಶೀ ಸ್ವಾಲೋಡ್!" ಅವನಿಗೆ ಏನರ್ಥವಾಯಿತೋ, ಕೈಗವಸು ಕಳಚಿ ಚಪ್ಪಾಳೆ ತಟ್ಟಿದ. ಮದುವೆಯ ದಿನವೂ ನಾನು ಸರೋಜಾಳ ಪಕ್ಕ ಅಷ್ಟು ಹೆಮ್ಮೆಯಿಂದ ನಿಂತಿರಲಿಲ್ಲ. ಅದಾಗಿ ಎರಡು ತಿಂಗಳಿಗೆ ಟ್ಯೂಬ್ ತೆಗೆದರು.

ಹೋದ ಚಳಿಗಾಲದಲ್ಲಿ ಟೀಚರ್ ತೀರಿಕೊಂಡರು. ಅವರು ನಮ್ಮವರು, ನಮ್ಮ ಮನೆಯ ಕುರ್ಚಿಯಲ್ಲಿ ಕೂತು ಆ ಕೆಲಸ ಮಾಡಿದರು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ನಾನು ಬಣ್ಣ ಹಚ್ಚಿಲ್ಲ. ಅನನ್ಯಾ ಅಲ್ಲೇ ಇದ್ದಳು. ಶಾರದಕ್ಕ ಅಡುಗೆಮನೆಯ ಬಾಗಿಲಲ್ಲಿದ್ದರು. ಒಳಗೆ ಬರಲು ಧೈರ್ಯವಾಗದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತವರು ಎಲ್ಲವನ್ನೂ ನೋಡಿದರು. ಇಬ್ಬರೂ ಇದ್ದಾರೆ. ಸರೋಜಾಳೂ ಇದ್ದಾಳೆ. ಆದರೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹೇಗಿತ್ತೆಂದು ಅವಳು ಈಗಲೂ ನಮ್ಮನ್ನು ಕೇಳುತ್ತಾಳೆ.