ಟೈರಿನ ಮಸಿಗೆ ಬಂದ ಬೆಳೆ

ಓದುಗರಿಗೆ ನಮಸ್ಕಾರ. ಮೀಸೆ ಬಂದ ಮೇಲೆ ಶಾಲೆ ಮೆಟ್ಟಿಲು ಹತ್ತಿದವನು ನಾನು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತೊಂಬತ್ತರ ದಶಕದ ಕೊನೆ. ಕೊಟ್ಟೂರಿನಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಒಲೆಗೆ ಹಳೆಯ ಟೈರು ಕತ್ತರಿಸಿ ಹಾಕುತ್ತಿದ್ದೆವು. ಅಕ್ಕಿ ಹುರಿಯುವ ಮರಳು ಬೇಗ ಕಾಯುತ್ತಿತ್ತು. ಹೊಗೆಯಿಂದ ಕಣ್ಣುರಿ ಅಷ್ಟೇ ಅಂದುಕೊಂಡಿದ್ದೆವು. ಒಲೆಯೆದುರು ಕೂತು ಜರಡಿ ಹಿಡಿಯುವವಳು ನನ್ನ ಹೆಂಡತಿ. ಆಗ ಆಕೆ ಬಸುರಿ.

ಧಾರವಾಡದಲ್ಲಿ ಎಂಎಸ್ಸಿ ಓದುತ್ತಿದ್ದ ಅಕ್ಕನ ಮಗಳು ರಜೆಗೆ ಬಂದವಳು ಭಟ್ಟಿ ಗೋಡೆಯ ಮಸಿ ಕೆರೆದು ಸೀಸೆಗೆ ತುಂಬಿಕೊಂಡಳು.

“ಧಾರವಾಡದಾಗ ಫೇಡಾ ಸಿಗತೈತಿ, ಮಸಿ ಸಿಗಂಗಿಲ್ಲೇನು?” ಎಂದೆ.

“ನಿನ್ನ ಮಸಿ ಬ್ಯಾರೇನ ಐತಿ ಮಾವಾ.”

ಕೆಲವು ತಿಂಗಳಾದ ಮೇಲೆ ಆಕೆಗೆ ಮಂಡಕ್ಕಿ ಕೊಡಲು ಹೋದೆ. ಪ್ರಯೋಗಾಲಯದಲ್ಲಿ ಎರಡು ಗಾಜಿನ ತಟ್ಟೆ ತೋರಿಸಿದಳು. ಮಸಿ ಹಾಕದ ಒಂದರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ನಮ್ಮ ಮಸಿಯ ಸಾರ ಹಾಕಿದ್ದರಲ್ಲಿ ಒತ್ತಾಗಿ ಮೊಳೆತ ಜೋಳದ ಹೊಲದಂತೆ ಚುಕ್ಕೆಗಳು.

“ಭಾಪರೆ! ನಮ್ಮ ಮಸಿ ಚೊಲೊ ಗೊಬ್ಬರ ಆಗೈತಲ್ಲ!” ಎಂದೆ, ಹೆಮ್ಮೆಯಿಂದ.

ಆಕೆ ನಗಲಿಲ್ಲ. “ಗೊಬ್ಬರ ಅಲ್ಲ ಮಾವಾ. ಇವು ಬೆಳೀಬಾರದಿತ್ತು.”

ಆ ಚುಕ್ಕೆಗಳು ಬ್ಯಾಕ್ಟೀರಿಯಾ ಅಂತೆ. ಅವುಗಳ ಜೀನ್ ಬದಲಿಸಿ, ಅವು ತಮಗೆ ಬೇಕಾದ ಒಂದು ಪೋಷಕಾಂಶ ತಾವೇ ಮಾಡಿಕೊಳ್ಳದಂತೆ ಮಾಡಿರುತ್ತಾರಂತೆ. ಅದಿಲ್ಲದ ತಟ್ಟೆಯಲ್ಲಿ ಅವು ಹೆಚ್ಚು ಕಡಿಮೆ ಬೆಳೆಯುವುದೇ ಇಲ್ಲ. ಹಾಕಿದ ವಸ್ತು ಜೀನನ್ನು ಮತ್ತೆ ಬದಲಿಸಿಬಿಟ್ಟರೆ, ಕೆಲವಕ್ಕೆ ಆ ಶಕ್ತಿ ಮರಳಿ ಬರುತ್ತದೆ, ಅವು ಚುಕ್ಕೆಯಾಗಿ ಬೆಳೆಯುತ್ತವೆ.

“ಅಂದ್ರ... ಮನಷ್ಯಾರಿಗೆ?”

“ನಮ್ಮ ಜೀನೂ ಕೆಟ್ಟು ಕ್ಯಾನ್ಸರ್ ಆಗೇ ಆಗತೈತಿ ಅಂತ ಇದರಿಂದ ಹೇಳಾಕ ಬರಂಗಿಲ್ಲ. ಆದ್ರ ಆ ಹೊಗಿ ಮುಂದ ಕುಂದ್ರಬಾರದು. ಈಗ ಭಟ್ಟಿ ಮುಂದ ಯಾರದಾರ?”

“ನಿಮ್ಮತ್ತಿ.”

ಕೈಯಲ್ಲಿದ್ದ ಮಂಡಕ್ಕಿ ಚೀಲ ಅಲ್ಲೇ ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿದೆ. ಪಕ್ಕದ ಅಂಗಡಿಗೆ ಫೋನ್ ಹಚ್ಚಿ ಹೆಂಡತಿಯನ್ನು ಕರೆಸಿದೆ.

“ಒಲಿ ಆರಿಸು. ನೀ ಹೊರಗ ಬಾ.”

“ನಾಳೆ ಸಂತಿಗೆ ಏನ್ ಒಯ್ತೀರಿ, ನಿಮ್ಮ ಮಸಡೀನಾ?”

“ಹೂಂ, ಅದನ್ನ ಒಯ್ತೀನಿ. ಮೊದ್ಲು ಉರಿ ತಗಿ!”

ಫೋನ್ ಇಟ್ಟವಳೇ ಹೋಗಿ ಒಲೆಗೆ ನೀರು ಸುರಿದಳಂತೆ.

ಆಮೇಲೆ ಒಲೆಗೆ ಶೇಂಗಾ ಹೊಟ್ಟನ್ನೇ ಹಾಕಿದೆವು. ಹೆಂಡತಿಯ ಜಾಗದಲ್ಲಿ ನಾನು ಕೂತೆ. ಮಗಳು ಆರೋಗ್ಯವಾಗಿಯೇ ಹುಟ್ಟಿದಳು. ಆದರೂ ಆಕೆಗೆ ಒಂದು ಜ್ವರ ಬಂದರೆ ಇಂದಿಗೂ ಆ ತಟ್ಟೆಯೇ ಕಣ್ಣಮುಂದೆ ಬರುತ್ತದೆ.

ಹರಪನಹಳ್ಳಿ, ಕೂಡ್ಲಿಗಿ ಕಡೆಯ ಭಟ್ಟಿಯವರೇ, ನೀವೂ ಟೈರು ಸುಟ್ಟಿದ್ದಿರಾ? ನಿಮಗೆ ಯಾರು ಹೇಳಿದರು, ಯಾವಾಗ ಬಿಟ್ಟಿರಿ? ದಯವಿಟ್ಟು ಬರೆದು ತಿಳಿಸಿ.