ಗಿಡದ ಸಂದಿ

ನಾನು ಸತ್ತಿ ಎಂಬ ಹಳ್ಳಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ನಮ್ಮ ಪಿ.ಟಿ. ಸರ್‌ಗೆ ಡಿಸ್ಕ್ ಗಾಲ್ಫಿನ ಹುಚ್ಚಿತ್ತು. ಮೊಬೈಲಿನಲ್ಲಿ ನೋಡಿ ಕಲಿತದ್ದು. ಹೊಳೆದಂಡೆಯ ನೀಲಗಿರಿ ತೋಪಿನಲ್ಲಿ ಕಬ್ಬಿಣದ ಬುಟ್ಟಿ ನೆಟ್ಟಿದ್ದರು. ಮರಗಳ ಇಕ್ಕಟ್ಟಿನ ಸಾಲಿನೊಳಗಿಂದ ಪ್ಲಾಸ್ಟಿಕ್ ತಟ್ಟೆ ಎಸೆದು ಅದರೊಳಗೆ ಬೀಳಿಸಬೇಕು. ಎಸೆಯುವ ಮೊದಲು ತಟ್ಟೆಯನ್ನು ಪ್ಯಾಂಟಿಗೆ ಒರೆಸಿ, ಒಂದು ಕಣ್ಣು ಕಿರಿದು ಮಾಡುತ್ತಿದ್ದರು. ನನ್ನದು ಪ್ರತಿ ಸಲ ಮರಕ್ಕೇ ಬಡಿಯುತ್ತಿತ್ತು.

“ಗಿಡಾ ನೋಡಬ್ಯಾಡ್ರಿ ಸರ, ಸಂದಿ ನೋಡ್ರಿ” ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ಸಿಟ್ಟೇ ಬರುತ್ತಿತ್ತು.

ಆ ಮಳೆಗಾಲ ಕೃಷ್ಣಾ ಹೊಳೆ ಏರಿ ತೋಪಿನೊಳಗೆ ಬಂತು. ದಂಡೆಯ ಮೇಲಿನ ಮೋಟಾರು ಬಿಚ್ಚಲು ಹೋದ ರೈತನೊಬ್ಬ ಮರ ತಬ್ಬಿಕೊಂಡು ನೀರಿನ ನಡುವೆ ಸಿಕ್ಕಿಕೊಂಡ. ಬೋಟು ಬಂದಿರಲಿಲ್ಲ. ಬರೀ ಹಗ್ಗ ಎಸೆದರೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಪಿ.ಟಿ. ಸರ್ ತಟ್ಟೆಗೆ ತೂತು ಕೊರೆದು ನೈಲಾನ್ ಹಗ್ಗ ಕಟ್ಟಿದರು. ಪ್ಯಾಂಟಿಗೆ ಒರೆಸಿದರು.

“ಕಾಕಾ, ಹಿಡ್ಕೊಳ್ರಿ!”

ತಟ್ಟೆ ಒಂದು ಮರಕ್ಕೂ ತಾಗದೆ ನೇರ ಅವನ ಎದೆಯ ಹತ್ತಿರ ಹೋಯಿತು. ಹಿಡಿಯಬೇಕೆಂದರೆ ಮರ ಬಿಡಬೇಕಲ್ಲ. ಬಿಟ್ಟ.

ಹಗ್ಗದ ತುದಿಯಲ್ಲಿ ತಟ್ಟೆಯೊಂದೇ ವಾಪಸು ಬಂತು.

ನೀರು ಇಳಿದ ಮೇಲೆ ಸರ್ ಮತ್ತೆ ತೋಪಿಗೆ ಹೋದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಒರೆಸಿದರು, ಕಣ್ಣು ಕಿರಿದು ಮಾಡಿದರು, ಎಸೆದರು. ತಟ್ಟೆ ಎದುರಿನ ಮರಕ್ಕೆ ಬಡಿಯಿತು. ಆರಿಸಿ ತಂದು ಮತ್ತೆ ಎಸೆದರು. ಅದೇ ಮರ.

“ಬಾಜೂಕ ಸಂದಿ ಐತಲ್ರಿ, ಸರ” ಎಂದೆ.

“ಕಾಣಾಕತ್ತೈತ್ರಿ” ಎಂದು ಹೇಳಿ, ಮತ್ತೆ ಮರಕ್ಕೇ ಎಸೆದರು.